ಈ ತೋಟಕ್ಕೆ ಯಾರು ಬರುತ್ತಾರೆ?

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ವೈಫೈ ಭದ್ರತೆಯ ಮಾತೆತ್ತಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ನೆಟ್ ಕದಿಯೋಕೆ ಈ ತೋಟಕ್ಕೆ ಯಾರು ಬರ್ತಾರೆ?’ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ರಸ್ತೆಬದಿಯ ಗೇಟಿನಿಂದ ಅಂಗಳಕ್ಕೆ ಕಾಲು ಮೈಲಿ, ನಡುವೆ ಕಾಫಿ, ಕಾಫಿಗೆ ನೆರಳಾಗಿ ಸಿಲ್ವರ್ ಓಕ್, ಹಲಸು, ಅತ್ತಿ. ಪಕ್ಕದ ಮನೆಯವರನ್ನು ಕೂಗಿ ಕರೆದರೂ ಕೇಳಿಸದು. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವ ತರಂಗಪಟ್ಟಿಗಳಲ್ಲಿ, ಮುಖ್ಯವಾಗಿ 2005ರಲ್ಲಿ ತೆರೆದ 2.4 ಗಿಗಾಹರ್ಟ್ಸ್‌ನಲ್ಲಿ ಮತ್ತು 2018ರಲ್ಲಿ ಅಗಲಿಸಿದ 5 ಗಿಗಾಹರ್ಟ್ಸ್‌ನಲ್ಲಿ, ಮನೆಯ ರೌಟರ್ ಹೊಮ್ಮಿಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೇ ಒಂದರ ಆಸುಪಾಸು. ಬಯಲಿನಲ್ಲೇ ಆದರೂ ದೂರ ಎರಡರಷ್ಟಾದಾಗ ಅದು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ದಾರಿಯಲ್ಲಿ ಸಿಗುವ ಎಲೆ, ಕಾಂಡ, ಪಾಚಿ ಎಲ್ಲದರಲ್ಲೂ ಇರುವ ನೀರು ಅದನ್ನು ಇನ್ನಷ್ಟು ಹೀರುತ್ತದೆ. ಗೇಟಿನ ಬಳಿ ಕಾರು ನಿಲ್ಲಿಸಿಕೊಂಡು ಕೂತವನ ಫೋನಿಗೆ ನಿಮ್ಮ ಮನೆಯ ವೈಫೈ ಹೆಸರೂ ಕಾಣಿಸಲಾರದು. ಹೀಗಾಗಿ ಆ ಉತ್ತರ ಅರ್ಧ ಸರಿ. ಉಳಿದರ್ಧದ ತಪ್ಪು ಇರುವುದು ರೌಟರಿಗೆ ಎರಡು ಬಾಗಿಲು ಇವೆ ಎಂಬುದನ್ನು ಮರೆತಿರುವುದರಲ್ಲಿ. ಗಾಳಿಯ ಕಡೆ ತೆರೆಯುವ ಬಾಗಿಲನ್ನು ತೋಟದ ದೂರ ಕಾಯುತ್ತದೆ. ತಂತಿಯ ಕಡೆ, ಅಂದರೆ ಅಂತರಜಾಲದ ಕಡೆ ತೆರೆಯುವ ಬಾಗಿಲಿಗೆ ದೂರ ಎಂಬುದೇ ಇಲ್ಲ. ರೌಟರಿನ ವಿಷಯದಲ್ಲಿ ನಾವು ಕಣ್ಣಿಡುವ ದಿಕ್ಕು ಒಂದು, ತೊಂದರೆ ಬರುವ ದಿಕ್ಕು ಇನ್ನೊಂದು. ಕನ್ನಗಳ್ಳರ ಮಟ್ಟಿಗೆ ಹೇಗೋ ಮಳೆ, ಸಿಡಿಲುಗಳ ಮಟ್ಟಿಗೂ ಇದು ಹಾಗೆಯೇ ಎಂಬುದು ಈ ಅಧ್ಯಾಯದ ವಾದ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲುಸಾಲಾಗಿ ಕೈಕೊಟ್ಟವು. ಎಷ್ಟು ಎಂಬುದರಲ್ಲಿ ಒಮ್ಮತವಿರಲಿಲ್ಲ. ಸಂಸ್ಥೆ ಸುಮಾರು 2,000 ಎಂದಿತು, ಮಾಧ್ಯಮದ ವರದಿಗಳು 60,000ದ ಲೆಕ್ಕ ಕೊಟ್ಟವು. ಕಾರಣದ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು. ಕೆಟ್ಟವು ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’ ಎಂದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ದೇಶದಾದ್ಯಂತ ಗ್ರಾಹಕರನ್ನು ಕೇಳಿಕೊಂಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಡ್‌ವೇರ್ ಎಂಬ ಭದ್ರತಾ ಕಂಪನಿ ಗುರುತಿಸಿದ್ದ ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶದ ಕರ್ತೃ ತಾನೇ ಎಂದು ಹೇಳಿಕೊಳ್ಳುತ್ತಿದ್ದ ಅನಾಮಿಕನೊಬ್ಬ ಈ ದಾಳಿಯನ್ನೂ ತನ್ನ ಹೆಸರಿಗೆ ಹಚ್ಚಿಕೊಂಡ. ಈ ಕುತಂತ್ರಾಂಶ ಏನನ್ನೂ ಕದಿಯುತ್ತಿರಲಿಲ್ಲ. ಗೊತ್ತಿರುವ ಪಾಸ್‌ವರ್ಡ್ ಹಾಕಿ ಒಳಹೊಕ್ಕು, ಉಪಕರಣದ ತಂತ್ರಾಂಶ ಕೂತಿರುವ ಸ್ಮೃತಿಯ ಮೇಲೆ ಅರ್ಥವಿಲ್ಲದ ಅಂಕಿಗಳನ್ನು ಗೀಚಿ ಹೋಗುತ್ತಿತ್ತು. ಆಮೇಲೆ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪೆಟ್ಟಿಗೆ ಏಳುತ್ತಿರಲಿಲ್ಲ. ದುರ್ಬಲ ಉಪಕರಣಗಳನ್ನು ಇತರ ದುಷ್ಟರು ವಶಪಡಿಸಿಕೊಳ್ಳುವ ಮೊದಲೇ ಕೊಂದುಬಿಡುವುದು ಲೋಕಕ್ಕೆ ಮಾಡುವ ಚಿಕಿತ್ಸೆ ಎಂದು ಅವನ ಸಮರ್ಥನೆ. ರೋಗ ಹರಡಬಾರದೆಂದು ರೋಗಿಯನ್ನೇ ಕೊಲ್ಲುವ ಈ ವೈದ್ಯನ ತರ್ಕವನ್ನು ಒಪ್ಪಲಾಗದು. ರೋಗದ ಬಗ್ಗೆ ಅವನು ಹೇಳಿದ್ದು ಮಾತ್ರ ನಿಜ. ಆ ವಾರ ಕೊಡಗಿನಲ್ಲಿ ಕಕ್ಕಡದ ಮಳೆ. ಅಂಥ ದಿನ ನೆಟ್ ಹೋದರೆ ‘ಮಳೆಗೆ ಹೋಗಿದೆ, ಬರುತ್ತೆ ಬಿಡಿ’ ಎನ್ನುವವರೇ ಹೆಚ್ಚು. ಸಾವಿರಾರು ಮೈಲಿ ಆಚೆಯಿಂದ ಯಾರೋ ಮನೆಯೊಳಗೆ ಬಂದು ಹೋಗಿದ್ದಾರೆ ಎಂಬ ಅನುಮಾನ ಯಾರಿಗೂ ಸುಳಿಯದು.

ಕಾಡಿನ ನಡುವಿನ ಒಂದು ಮನೆಯನ್ನು ದಾಳಿಕೋರರು ಹುಡುಕುವುದಾದರೂ ಹೇಗೆ? ಅವರು ಮನೆಯನ್ನು ಹುಡುಕುವುದಿಲ್ಲ, ಅಂಕಿಗಳನ್ನು ಎಣಿಸುತ್ತಾರೆ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವ ಒಟ್ಟು ವಿಳಾಸಗಳು ಸುಮಾರು 430 ಕೋಟಿ. 2013ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝೀಮ್ಯಾಪ್ ಎಂಬ ತಂತ್ರಾಂಶ ಬರೆದು, ಒಂದೇ ಕಂಪ್ಯೂಟರಿನಿಂದ, ಒಂದೇ ಗಿಗಾಬಿಟ್ ಸಂಪರ್ಕದಲ್ಲಿ, ಈ ಎಲ್ಲ ವಿಳಾಸಗಳ ಬಾಗಿಲನ್ನೂ 45 ನಿಮಿಷದೊಳಗೆ ತಟ್ಟಿ ಬರಬಹುದೆಂದು ತೋರಿಸಿದರು. ಈ ಎಣಿಕೆಯಲ್ಲಿ ಬೆಂಗಳೂರಿನ ಫ್ಲ್ಯಾಟಿಗೂ ಭಾಗಮಂಡಲದ ತೋಟದ ಮನೆಗೂ ವ್ಯತ್ಯಾಸವಿಲ್ಲ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ ಇದೇ ದಾರಿ ಹಿಡಿದಿತ್ತು. ಅದರ ಬತ್ತಳಿಕೆಯಲ್ಲಿ ಇದ್ದದ್ದು ಕಾರ್ಖಾನೆಯ ಹೆಸರು-ಪಾಸ್‌ವರ್ಡುಗಳ 60 ಚಿಲ್ಲರೆ ಜೋಡಿ, ಅಷ್ಟೇ. ಅಷ್ಟರಿಂದಲೇ ಅದು ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೌಟರುಗಳನ್ನು ತನ್ನ ಪಡೆಗೆ ಸೇರಿಸಿಕೊಂಡಿತು. ಅಕ್ಟೋಬರ್ 21ರಂದು ಈ ಪಡೆ, ತಾಣಗಳ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವೆಡೆ ಗಂಟೆಗಟ್ಟಲೆ ಸಿಗದೆ ಹೋದವು. ಮುಂದಿನ ತಿಂಗಳು ಅದರ ಇನ್ನೊಂದು ತಳಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು ಒಂಬತ್ತು ಲಕ್ಷ ಗ್ರಾಹಕರ ರೌಟರುಗಳನ್ನು ಕಂಗೆಡಿಸಿತು.

ತಿಳಿದವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ, ಅದು ಸರಿಯಾದದ್ದೇ. ವಿಳಾಸಗಳ ಬರ ಬಂದ ಮೇಲೆ ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸುತ್ತಿವೆ. ಹೊರಗಿನಿಂದ ತಟ್ಟಿದ್ದು ಕಂಪನಿಯ ಯಂತ್ರದ ಬಾಗಿಲಿಗೇ ನಿಲ್ಲುತ್ತದೆ, ಮನೆಯ ರೌಟರಿಗೆ ತಲುಪುವುದಿಲ್ಲ. ಇದರಿಂದ ರಕ್ಷಣೆ ಸಿಗುತ್ತದೆ, ಆದರೆ ಅದು ಉದ್ದೇಶಪಟ್ಟು ಕೊಟ್ಟದ್ದಲ್ಲ, ಬರದ ಉಪಫಲ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಬರವೇ ಇಲ್ಲದ ಕಾರಣ ಮನೆಯ ಪ್ರತಿ ಉಪಕರಣಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಸಿಗುತ್ತದೆ. ಆಗ ಕಾಯಬೇಕಾದದ್ದು ರೌಟರಿನ ಫೈರ್‌ವಾಲ್ ಒಂದೇ. ಇದಲ್ಲದೆ ಹೊರಗಿನವನು ಒಳಗೆ ಬರಲು ಹೊರಗಿನಿಂದಲೇ ತಟ್ಟಬೇಕೆಂದಿಲ್ಲ. ಮನೆಯವರೇ ಮೊಬೈಲಿನಲ್ಲಿ ಒಂದು ಕೆಟ್ಟ ಪುಟ ತೆರೆದರೆ, ಆ ಪುಟದೊಳಗಿನ ಸಂಕೇತ ಅವರ ಫೋನಿನಿಂದಲೇ 192.168.1.1ಕ್ಕೆ, ಅಂದರೆ ಮನೆಯ ರೌಟರಿಗೆ, ‘ಅಡ್ಮಿನ್–ಅಡ್ಮಿನ್’ ಎಂದು ಹೇಳಿ ನೋಡಬಹುದು. 2018ರಲ್ಲಿ, ಹೆಚ್ಚಾಗಿ ಬ್ರೆಜಿಲಿನಲ್ಲಿ, ಒಳಗಿನಿಂದಲೂ ಹೊರಗಿನಿಂದಲೂ ತಟ್ಟಿ ಒಂದು ಲಕ್ಷಕ್ಕೂ ಮಿಕ್ಕಿ ರೌಟರುಗಳ ವಿಳಾಸಪಟ್ಟಿಯ ಸೂಚನೆಯನ್ನು ತಿರುಚಲಾಗಿತ್ತು. ಬಳಕೆದಾರರು ತಮ್ಮ ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಟೈಪ್ ಮಾಡುತ್ತಿದ್ದರು, ತಲುಪುತ್ತಿದ್ದದ್ದು ಬ್ಯಾಂಕಿನ ವೇಷ ಹಾಕಿದ ಪುಟಕ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ರೌಟರಿಗೆ ಎರಡು ಪಾಸ್‌ವರ್ಡುಗಳಿರುತ್ತವೆ. ಫೋನನ್ನು ವೈಫೈಗೆ ಸೇರಿಸುವಾಗ ಕೇಳುವುದು ಒಂದು. ರೌಟರಿನ ವ್ಯವಸ್ಥಾಪನೆಯ ಪುಟ ತೆರೆಯಲು ಬೇಕಾದದ್ದು ಮತ್ತೊಂದು. ಮೊದಲನೆಯದು ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಎರಡನೆಯದು ಇದೆ ಎಂಬುದೇ ಅನೇಕರಿಗೆ ತಿಳಿಯದು. ಜೋಡಣೆಗೆ ಬಂದ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಕೆಲಸ ಮುಗಿಸಿ, ಮುಚ್ಚಿ ಹೋಗಿರುತ್ತಾನೆ. 2017ರಲ್ಲಿ ಮೋಡೆಮ್‌ಗಳು ಸತ್ತದ್ದು ಈ ಎರಡನೆಯದರಿಂದ. ವೈಫೈ ಪಾಸ್‌ವರ್ಡನ್ನು ಎಷ್ಟೇ ಗಟ್ಟಿಯಾಗಿ ಇಟ್ಟಿದ್ದರೂ ಅಂದು ಉಪಯೋಗವಾಗುತ್ತಿರಲಿಲ್ಲ.

‘ನಮ್ಮ ಮನೆಯಲ್ಲಿ ಕದಿಯಲು ಏನಿದೆ?’ ಎಂಬುದು ಎರಡನೆಯ ಪ್ರಶ್ನೆ. ಕಳ್ಳನಿಗೆ ಬೇಕಾದದ್ದು ನಿಮ್ಮ ಫೋಟೊಗಳೇ ಆಗಬೇಕೆಂದಿಲ್ಲ. ನಿಮ್ಮ ಸಂಪರ್ಕ ಮತ್ತು ನಿಮ್ಮ ವಿಳಾಸ ಅವನಿಗೆ ಸಾಕು. ಇನ್ನೊಬ್ಬರ ಮೇಲೆ ದಾಳಿ ಮಾಡಲು, ಇನ್ನೊಬ್ಬರ ಖಾತೆ ತೆರೆಯಲು ಯತ್ನಿಸುವಾಗ ತನ್ನ ಗುರುತು ಮರೆಸಲು ಅವನಿಗೆ ಸಭ್ಯ ಮನೆಯೊಂದರ ವಿಳಾಸ ಬೇಕು. ಕೊಡಗಿನ ತೋಟಗಳಲ್ಲಿ ಇದಕ್ಕೆ ಇನ್ನೊಂದು ಕಿಂಡಿಯೂ ಉಂಟು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಗುವ ಕಾಫಿ, ಮೆಣಸಿನ ಕಾವಲಿಗೆಂದು, ಗೇಟಿನ ಬಳಿ ಆನೆ ಬಂದದ್ದು ತಿಳಿಯಲೆಂದು, ಈಗ ಎಲ್ಲೆಲ್ಲೂ ಕ್ಯಾಮೆರಾ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಮಗ ಅದನ್ನು ಅಲ್ಲಿಂದಲೇ ನೋಡಬೇಕು. ಅದಕ್ಕಾಗಿ ಕ್ಯಾಮೆರಾದ ರೆಕಾರ್ಡರ್ ರೌಟರಿಗೆ ‘ಹೊರಗಿನವರು ನನ್ನನ್ನು ಕೇಳಿಕೊಂಡು ಬಂದರೆ ಒಳಗೆ ಬಿಡು’ ಎಂದು ತಾನಾಗಿಯೇ ಹೇಳುತ್ತದೆ. ಯುಪಿಎನ್‌ಪಿ ಎಂಬ ಸೌಲಭ್ಯ ಚಾಲೂ ಇದ್ದರೆ ರೌಟರ್ ಮನೆಯ ಯಜಮಾನನನ್ನು ಕೇಳದೆಯೇ ಒಪ್ಪಿಕೊಳ್ಳುತ್ತದೆ. ಮಿರಾಯ್ ಹೊಕ್ಕದ್ದು ಮುಖ್ಯವಾಗಿ ಇಂಥ ರೆಕಾರ್ಡರುಗಳನ್ನೇ. ಮೆಣಸು ಕಾಯಲು ತಂದ ಕಣ್ಣು ಮನೆಗೆ ಕನ್ನ ಕೊರೆದುಕೊಡುವುದು ಹೀಗೆ. ಯುಪಿಎನ್‌ಪಿ ನಿಲ್ಲಿಸಿ, ರೆಕಾರ್ಡರಿನ ಸ್ವಂತ ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾಗಳನ್ನು ಮನೆಯ ಫೋನು-ಕಂಪ್ಯೂಟರುಗಳಿಂದ ಬೇರೆ ಜಾಲಕ್ಕೆ ಹಾಕುವುದು ಅರ್ಧ ಗಂಟೆಯ ಕೆಲಸ.

ಹಾಗೆಂದು ಗಾಳಿಯ ಬಾಗಿಲನ್ನು ತೆರೆದಿಟ್ಟರೂ ನಡೆಯುತ್ತದೆ ಎಂದಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಬೀದಿಗಳಲ್ಲಿ ಮನೆಗೆ ಮನೆ ತಾಗಿದೆ. ತೋಟದ ನಡುವಿನ ಹೋಂಸ್ಟೇಗಳಿಗೆ ವಾರಕ್ಕೊಮ್ಮೆ ಹೊಸಬರು ದುಡ್ಡು ಕೊಟ್ಟೇ ಒಳಗೆ ಬರುತ್ತಾರೆ. ಇಂಥಲ್ಲಿ ವೈಫೈ ಪಾಸ್‌ವರ್ಡ್ ಆಗಿ ಮಾಲೀಕರ ಮೊಬೈಲ್ ಸಂಖ್ಯೆ ಇರುವುದು ತೀರಾ ಸಾಮಾನ್ಯ. ನೋಡಲು ಹತ್ತಂಕಿ, ಉದ್ದವೇ. ಲೆಕ್ಕ ಹಾಕಿ ನೋಡಿ: ಭಾರತದ ಮೊಬೈಲ್ ಸಂಖ್ಯೆ 6ರಿಂದ 9ರವರೆಗಿನ ನಾಲ್ಕರಲ್ಲೊಂದು ಅಂಕಿಯಿಂದ ಶುರುವಾಗಬೇಕು; ಉಳಿದ ಒಂಬತ್ತು ಸ್ಥಾನಗಳಲ್ಲಿ ಯಾವ ಅಂಕಿಯೂ ಇರಬಹುದು. ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2 ಎಂಬ ವೈಫೈ ಬೀಗದ ಪದ್ಧತಿಯಲ್ಲಿ ಫೋನು ವೈಫೈಗೆ ಸೇರುವಾಗ ನಡೆಯುವ ಮಾತುಕತೆಯನ್ನು ಯಾರಾದರೂ ಒಮ್ಮೆ ಹಿಡಿದಿಟ್ಟುಕೊಂಡರೆ, ಆಮೇಲೆ ಊಹೆಗಳನ್ನು ತಮ್ಮ ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಇದನ್ನು ನಿಧಾನಗೊಳಿಸಲೆಂದೇ ಪ್ರತಿ ಊಹೆಗೂ 4,096 ಸುತ್ತಿನ ಲೆಕ್ಕಾಚಾರ ಇಟ್ಟಿದ್ದಾರೆ. ಆದರೂ ವಿಡಿಯೊ ಗೇಮಿಗೆಂದು ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಊಹೆಗಳನ್ನು ನೋಡಬಲ್ಲದು. 400 ಕೋಟಿಗೆ ಬೇಕಾಗುವುದು 4,000 ಸೆಕೆಂಡು, ಒಂದೂಕಾಲು ಗಂಟೆಯೂ ಅಲ್ಲ. 2021ರಲ್ಲಿ ಸೈಬರ್‌ಆರ್ಕ್ ಕಂಪನಿಯ ಸಂಶೋಧಕರೊಬ್ಬರು ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಸುತ್ತಾಡಿ 5,000 ವೈಫೈ ಜಾಲಗಳ ಇಂಥ ತುಣುಕುಗಳನ್ನು ಕೂಡಿಹಾಕಿ, ಅವುಗಳಲ್ಲಿ ಶೇಕಡಾ 70ರಷ್ಟನ್ನು ಭೇದಿಸಿದರು; ಅಲ್ಲಿಯೂ ಜನ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಕೊಂಡದ್ದು ಮುಖ್ಯ ಕಾರಣ. ಹೋಂಸ್ಟೇಗಳಿಗೆ ಈ ಲೆಕ್ಕವೂ ಬೇಕಿಲ್ಲ, ಸಂಖ್ಯೆ ಗೇಟಿನ ಬೋರ್ಡಿನಲ್ಲೇ ಬರೆದಿರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು, ‘ಕಣ ಛತ್ರಿ ಮಂಗಳವಾರ ಹುಣಸೆ’ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಅದನ್ನು ಆಗಾಗ ಬದಲಿಸಬೇಕೆಂಬ ಹಳೆಯ ಉಪದೇಶವನ್ನು ಅಮೆರಿಕದ ಮಾನಕ ಸಂಸ್ಥೆಯೇ 2017ರಲ್ಲಿ ಕೈಬಿಟ್ಟಿದೆ. ಪದೇಪದೇ ಬದಲಿಸಬೇಕಾದವರು ಕೊನೆಗೆ ಸುಲಭದ ಪಾಸ್‌ವರ್ಡಿಗೇ ಇಳಿಯುತ್ತಾರೆ. ರೌಟರಿನ ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸೇರಿಸುವ ಡಬ್ಲ್ಯುಪಿಎಸ್ ಎಂಬ ಅನುಕೂಲದ ಪಿನ್ ದಾರಿಯನ್ನು ಮುಚ್ಚಿಬಿಡಿ. ಆ ಎಂಟಂಕಿಯನ್ನು ರೌಟರ್ ಎರಡು ಭಾಗ ಮಾಡಿ ಬೇರೆಬೇರೆಯಾಗಿ ಪರೀಕ್ಷಿಸುವುದರಿಂದ ಬರೀ 11,000 ಪ್ರಯತ್ನಗಳಲ್ಲಿ ಅದು ಸಿಕ್ಕುತ್ತದೆ ಎಂದು 2011ರಲ್ಲೇ ಬಯಲಾಗಿದೆ.

ಹೋಂಸ್ಟೇ ನಡೆಸುವವರು ಇನ್ನೊಂದು ಘಟನೆಯನ್ನು ತಿಳಿದಿರಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷಗಳ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂತು. ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರ ಬೀಗವಿಲ್ಲದ ವೈಫೈಯನ್ನು ಯಾರೋ ಬಳಸಿಕೊಂಡಿದ್ದರು. ಅಂತರಜಾಲಕ್ಕೆ ಹೊರಗಿನಿಂದ ಕಾಣುವುದು ಸಂಪರ್ಕದ ವಿಳಾಸ ಮಾತ್ರ. ಕೋಣೆ ಸಂಖ್ಯೆ ಮೂರರಲ್ಲಿ ಯಾರಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ಉತ್ತರ ಹೇಳಬೇಕಾದವರು ಬಿಲ್ಲಿನಲ್ಲಿ ಹೆಸರಿದ್ದವರು. ಈಗಿನ ಬಹುಪಾಲು ರೌಟರುಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲ ತೆರೆಯುವ ಸೌಲಭ್ಯವಿದೆ. ಅದರಲ್ಲಿ ಸೇರಿದವರಿಗೆ ನೆಟ್ ಸಿಗುತ್ತದೆ, ಮನೆಯ ಕ್ಯಾಮೆರಾ, ಪ್ರಿಂಟರ್, ಕಂಪ್ಯೂಟರುಗಳು ಕಾಣುವುದಿಲ್ಲ. ಅದರ ಪಾಸ್‌ವರ್ಡನ್ನು ಋತುವಿಗೊಮ್ಮೆ ಬದಲಿಸುವುದರಲ್ಲಿ ಅರ್ಥವಿದೆ, ಏಕೆಂದರೆ ಅದನ್ನು ತಿಳಿದವರ ಸಂಖ್ಯೆ ಪ್ರತಿ ವಾರಾಂತ್ಯ ಬೆಳೆಯುತ್ತಲೇ ಇರುತ್ತದೆ.

ಈಗ ಮಳೆಗೆ ಬರೋಣ. ‘ಮಳೆಗಾಲದಲ್ಲಿ ವೈಫೈ ಎಳೆಯಲ್ಲ’ ಎಂಬ ದೂರು ಕೊಡಗಿನಷ್ಟು ಬೇರೆಲ್ಲೂ ಕೇಳಿಸದೇನೋ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರು ದಾಟುವ ಮಳೆ ಸುರಿಯುವ ನಾಡಿದು. ಮಳೆಹನಿ ರೇಡಿಯೊ ಅಲೆಯನ್ನು ಹೀರುತ್ತದೆ ಎಂಬುದೂ ನಿಜ. ಎಷ್ಟು ಹೀರುತ್ತದೆ ಎಂಬುದು ಆವರ್ತಾಂಕದ ಮೇಲಿದೆ. ಗಂಟೆಗೆ 100 ಮಿಲಿಮೀಟರಿನಂತೆ ಜಡಿಯುವ ಮಳೆಯಲ್ಲಿ 5 ಗಿಗಾಹರ್ಟ್ಸ್ ಅಲೆ ಒಂದು ಕಿಲೋಮೀಟರ್ ಸಾಗಿದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಅರ್ಧ ಡೆಸಿಬಲ್‌ನ ಆಸುಪಾಸು, ಅಂದರೆ ಹತ್ತರಲ್ಲಿ ಸುಮಾರು ಒಂದು ಪಾಲು ಶಕ್ತಿ. ಜಗಲಿಯಿಂದ ಕಣದವರೆಗಿನ ಮೂವತ್ತು ಮೀಟರಿಗೆ ಅದು ಲೆಕ್ಕಕ್ಕೇ ಬಾರದು. 2.4 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಕಡಿಮೆ. ಹಾಗಿದ್ದರೆ ಈ ನಂಬಿಕೆ ಎಲ್ಲಿಂದ ಬಂತು? ಬಹುಶಃ ಟಿವಿಯ ಡಿಶ್‌ನಿಂದ. ಉಪಗ್ರಹದಿಂದ ಬರುವ ಆ ಅಲೆಗಳು 11-12 ಗಿಗಾಹರ್ಟ್ಸ್‌ನವು. ಅದೇ ಮಳೆಯಲ್ಲಿ ಅವು ಕಿಲೋಮೀಟರಿಗೆ ಐದು ಡೆಸಿಬಲ್‌ವರೆಗೆ ಕಳೆದುಕೊಳ್ಳಬಲ್ಲವು, ಜೊತೆಗೆ ಹಲವು ಕಿಲೋಮೀಟರ್ ಮಳೆಯೊಳಗಿಂದಲೇ ಇಳಿದು ಬರಬೇಕು. ಮಳೆ ಜೋರಾದಾಗ ಧಾರಾವಾಹಿ ನಿಂತುಹೋಗುವ ಅನುಭವವನ್ನು ನಾವು ವೈಫೈಗೂ ಹಚ್ಚಿಬಿಟ್ಟಿದ್ದೇವೆ. ಮಳೆಗಾಲದಲ್ಲಿ ನಿಜಕ್ಕೂ ಸೋಲುವುದು ಮನೆಯ ಹೊರಗಿನ ವ್ಯವಸ್ಥೆ: ಫೈಬರ್ ಕೇಬಲ್ಲಿನ ಮೇಲೆ ಬಿದ್ದ ಕೊಂಬೆ, ನೀರು ಹೊಕ್ಕ ಜೋಡಣೆ ಪೆಟ್ಟಿಗೆ, ಕರೆಂಟು ಹೋಗಿ ಬ್ಯಾಟರಿಯೂ ಬರಿದಾದ ಕಂಪನಿಯ ಕೇಂದ್ರ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನ ಸುತ್ತ ಗುಡ್ಡಗಳು ಜಾರಿದಾಗ ರಸ್ತೆಗಳೇ ಕೊಚ್ಚಿಹೋದವು; ರಸ್ತೆಯಂಚನ್ನೇ ನೆಚ್ಚಿದ ಕಂಬ, ಕೇಬಲ್ಲುಗಳ ಪಾಡನ್ನು ಬೇರೆ ಹೇಳಬೇಕಿಲ್ಲ. ಇಂಥ ದಿನಗಳಲ್ಲಿ ರೌಟರನ್ನು ಹತ್ತು ಸಲ ಆಫ್-ಆನ್ ಮಾಡಿದರೆ ಏನೂ ಆಗದು. ಪೆಟ್ಟಿಗೆಯ ಮೇಲೆ ಲಾಸ್ ಎಂದು ಬರೆದಿರುವ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲ ಎಂದರ್ಥ. ಆಗ ಮಾಡಬೇಕಾದದ್ದು ದೂರು ದಾಖಲಿಸುವುದೊಂದೇ.

ಮನೆಯೊಳಗೆ ವೇಗ ತಿನ್ನುವುದು ಗೋಡೆ. ಹಳೆಯ ಐನ್‌ಮನೆಗಳ ಮಣ್ಣಿನ, ಮುರಕಲ್ಲಿನ ದಪ್ಪ ಗೋಡೆಗಳು ಬೇಸಿಗೆಯ ಬಿಸಿಲಿಗೂ ಮಳೆಗಾಲದ ಚಳಿಗೂ ಒಳ್ಳೆಯ ತಡೆ. ರೇಡಿಯೊ ಅಲೆಗೂ ಅಷ್ಟೇ ಒಳ್ಳೆಯ ತಡೆ. ಒಂದು ದಪ್ಪ ಗೋಡೆ 10 ಡೆಸಿಬಲ್ ತಿಂದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ, ಎರಡು ಗೋಡೆ ದಾಟಿದರೆ ನೂರರಲ್ಲಿ ಒಂದು. ಗೋಡೆ ಒದ್ದೆಯಾದಷ್ಟೂ ನಷ್ಟ ಹೆಚ್ಚು. ಮಳೆಯ ಪಾಲು ಇರುವುದಾದರೆ ಇಲ್ಲಿದೆ, ಹನಿಯಲ್ಲಿ ಅಲ್ಲ, ನೆನೆದ ಗೋಡೆಯಲ್ಲಿ. ಕೇಬಲ್ ಎಲ್ಲಿ ಒಳಗೆ ಬಂತೋ ಅಲ್ಲೇ, ಮುಂಬಾಗಿಲ ಮೂಲೆಯಲ್ಲಿ, ಟಿವಿಯ ಹಿಂದೆ ರೌಟರನ್ನು ನೇತುಹಾಕುವುದು ಜೋಡಿಸುವವರಿಗೆ ಅನುಕೂಲ, ಮನೆಯವರಿಗೆ ನಷ್ಟ. ನಡುಮನೆಯಲ್ಲಿ, ಆಳೆತ್ತರದಲ್ಲಿ, ಬೀರು-ಕಪಾಟುಗಳ ಹೊರಗೆ ಅದಕ್ಕೆ ಜಾಗ. ಎತ್ತರದ ಬೆಲೆ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಕೊರೊನಾ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಸೋಮವಾರಪೇಟೆ ಕಡೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದ್ದು ಸುದ್ದಿಯಾಗಿತ್ತು. ದೂರದ ಕೋಣೆಗೆ 2.4 ಗಿಗಾಹರ್ಟ್ಸ್, ಹತ್ತಿರದ ವೇಗಕ್ಕೆ 5 ಗಿಗಾಹರ್ಟ್ಸ್ ಎಂಬುದು ಸಾಮಾನ್ಯ ಲೆಕ್ಕ. ಪಟ್ಟಣದವರು ತಲೆಕೆಡಿಸಿಕೊಳ್ಳುವ ಚಾನೆಲ್‌ಗಳ ನೂಕುನುಗ್ಗಲು ಮಾತ್ರ ತೋಟದ ಮನೆಗಿಲ್ಲ, ಅದೊಂದು ಪುಣ್ಯ.

ಸಿಡಿಲಿನ ಕಥೆಯೂ ಇದೇ ಜಾಡಿನದು. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಮಾರ್ಚ್-ಏಪ್ರಿಲ್‌ನ ಹೂಮಳೆಯ ಗುಡುಗು ಕೇಳಿದೊಡನೆ ಫೋನಿನ ತಂತಿ ಕೀಳುವುದು ಮನೆಮನೆಯ ಅಭ್ಯಾಸವಾಗಿತ್ತು. ಫೈಬರ್ ಬಂದ ಮೇಲೆ ‘ಗಾಜಿನಲ್ಲಿ ಕರೆಂಟು ಹರಿಯೋಲ್ಲ’ ಎಂದು ಆ ಅಭ್ಯಾಸ ಬಿಟ್ಟುಹೋಯಿತು. ಗಾಜಿನಲ್ಲಿ ಹರಿಯುವುದಿಲ್ಲ, ಸರಿಯೇ. ರೌಟರಿಗೆ ಗಾಜು ಮಾತ್ರ ತಾಗಿಲ್ಲವಲ್ಲ. ಅಡಾಪ್ಟರಿನ ಮೂಲಕ ಅದು ವಿದ್ಯುತ್ ಕಂಬಗಳ ಮೈಲುಗಟ್ಟಲೆ ತಂತಿಗೆ ಜೋಡಿಸಿಕೊಂಡಿದೆ. ಮನೆಯಿಂದ ಆಫೀಸಿಗೆ, ಹೋಂಸ್ಟೇ ಕಾಟೇಜಿಗೆ, ಕಣದ ಕ್ಯಾಮೆರಾಗೆ ಎಳೆದ ಲ್ಯಾನ್ ಕೇಬಲ್ ಪೂರ್ತಿ ತಾಮ್ರ. ಸಾಮಾನ್ಯ ಸಿಡಿಲೊಂದರ ಪ್ರವಾಹ 30,000 ಆಂಪಿಯರಿನ ಮಟ್ಟದ್ದು, ಅದೂ ಸೆಕೆಂಡಿನ ಲಕ್ಷದ ಭಾಗದಷ್ಟು ಹೊತ್ತಿನಲ್ಲಿ ಏರುವಂಥದ್ದು. ಅಷ್ಟು ರಭಸದಲ್ಲಿ ಬದಲಾಗುವ ಕಾಂತಕ್ಷೇತ್ರ ನೂರಾರು ಮೀಟರ್ ಆಚೆಗಿನ ತಂತಿಯಲ್ಲೂ ಸಾವಿರಾರು ವೋಲ್ಟು ಹುಟ್ಟಿಸಬಲ್ಲದು. ಮನೆಯ ಮೇಲೇ ಸಿಡಿಲು ಬೀಳಬೇಕೆಂದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಅದು ಹಾರಿ ದಾಟುತ್ತದೆ. ಪ್ಲಗ್ ಕೀಳಬೇಕು, ಹೊರಗಿಂದ ಬಂದ ಲ್ಯಾನ್ ಕೇಬಲನ್ನೂ ಬಿಚ್ಚಬೇಕು, ಅದೂ ಗುಡುಗು ತಲೆಯ ಮೇಲೆ ಬರುವ ಮೊದಲೇ. ಎರಡು ಕಟ್ಟಡಗಳ ನಡುವೆ ತಾಮ್ರದ ಬದಲು ಲೋಹವಿಲ್ಲದ ಫೈಬರ್ ಎಳೆಸಿದರೆ ಈ ಕಾಟದ ದೊಡ್ಡ ಪಾಲು ತೀರುತ್ತದೆ. ಇನ್ನು ಕರೆಂಟಿನ ಮಾತು: ಮನೆಯ ರೌಟರ್ ಬೇಡುವುದು 10 ವ್ಯಾಟಿನಷ್ಟು, ತಿಂಗಳಿಗೆ ಏಳು ಯೂನಿಟ್ಟು. ಬಹುಪಾಲು ರೌಟರುಗಳು 12 ವೋಲ್ಟಿನವು. ಅದೇ ವೋಲ್ಟೇಜಿನ ಪುಟ್ಟ ಡಿಸಿ ಯುಪಿಎಸ್ ಒಂದಿದ್ದರೆ ಕೆಲವು ಗಂಟೆ ನಡೆಯುತ್ತದೆ, ಕರೆಂಟು ಹೋಗಿ ಬರುವಾಗಿನ ಏರಿಳಿತದ ಪೆಟ್ಟೂ ತಪ್ಪುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಅಚ್ಚಾಗಿರುವ ವೋಲ್ಟು, ಆಂಪಿಯರುಗಳನ್ನು ಓದಿಕೊಳ್ಳಿ.

ಇಷ್ಟೆಲ್ಲ ಗ್ರಾಹಕರ ತಲೆಗೆ ಕಟ್ಟುವುದು ನ್ಯಾಯವೇ ಎಂಬುದು ಉಳಿದಿರುವ ಆಕ್ಷೇಪ. ನನ್ನ ತೀರ್ಪು: ನ್ಯಾಯವಲ್ಲ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಹಂಚಿ, ಆಮೇಲೆ ‘ನೀವೇಕೆ ಬದಲಿಸಲಿಲ್ಲ’ ಎಂದು ಗ್ರಾಹಕರನ್ನು ಕೇಳುವುದು ತಪ್ಪನ್ನು ಕೆಳಗೆ ತಳ್ಳುವ ಜಾಣತನ. ಬ್ರಿಟನ್ ಇದನ್ನು ಕಾನೂನಿನಿಂದಲೇ ಸರಿಪಡಿಸಿತು. 2024ರ ಏಪ್ರಿಲ್ 29ರಿಂದ ಅಲ್ಲಿ ಎಲ್ಲಕ್ಕೂ ಒಂದೇ ಬಗೆಯ ಪಾಸ್‌ವರ್ಡ್ ಇರುವ ಗೃಹೋಪಯೋಗಿ ಜಾಲ ಉಪಕರಣಗಳನ್ನು ಮಾರುವಂತಿಲ್ಲ, ಎಷ್ಟು ಕಾಲ ಭದ್ರತಾ ಪರಿಷ್ಕರಣೆ ಕೊಡುತ್ತೇವೆಂದು ತಯಾರಕರು ಮೊದಲೇ ಹೇಳಬೇಕು. ಕಂಪನಿಗಳು ದೂರದಿಂದಲೇ ಗ್ರಾಹಕರ ರೌಟರುಗಳನ್ನು ಪರಿಷ್ಕರಿಸುವ ವ್ಯವಸ್ಥೆಯೂ ಇದೆ. ಆದರೆ ಜರ್ಮನಿಯಲ್ಲಿ ದಾಳಿಕೋರರು ತಟ್ಟಿದ್ದು ಅದೇ ವ್ಯವಸ್ಥೆಗೆಂದು ತೆರೆದಿಟ್ಟ ಬಾಗಿಲನ್ನು ಎಂಬುದನ್ನು ನೆನೆದರೆ, ಅದನ್ನೇ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಕಾನೂನು ಬರುವವರೆಗೆ ಸಾಯುವುದು ನಮ್ಮ ಪೆಟ್ಟಿಗೆ. ನಡುನಡುವೆ ಆಫ್-ಆನ್ ಮಾಡಿದರೆ ಸಾಲದೇ ಎನ್ನುವವರಿಗೆ ಉತ್ತರವನ್ನೂ ಅನುಭವವೇ ಕೊಟ್ಟಿದೆ. ಮಿರಾಯ್ ಕೂರುತ್ತಿದ್ದದ್ದು ತಾತ್ಕಾಲಿಕ ಸ್ಮೃತಿಯಲ್ಲಿ, ಆದ್ದರಿಂದ ಆಫ್ ಮಾಡಿದರೆ ಅಳಿಯುತ್ತಿತ್ತು; ಪಾಸ್‌ವರ್ಡ್ ಅದೇ ಇದ್ದರೆ ನಿಮಿಷಗಳಲ್ಲಿ ಮತ್ತೆ ಬರುತ್ತಿತ್ತು. 2018ರಲ್ಲಿ 54 ದೇಶಗಳ ಕನಿಷ್ಠ ಐದು ಲಕ್ಷ ಉಪಕರಣಗಳಲ್ಲಿ ಪತ್ತೆಯಾದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶದ ಮೊದಲ ಹಂತ ಆಫ್ ಮಾಡಿದರೂ ಹೋಗುತ್ತಿರಲಿಲ್ಲ.

ಆದ್ದರಿಂದ ಇವತ್ತೇ ರೌಟರನ್ನು ಮಗುಚಿ ಅದರ ತಳದ ಚೀಟಿ ಓದಿ. ಅಲ್ಲಿರುವ ವಿಳಾಸವನ್ನು ಮನೆಯ ಫೋನಿನ ಬ್ರೌಸರಿನಲ್ಲಿ ತೆರೆದು, ವ್ಯವಸ್ಥಾಪನೆಯ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಆ ಪುಟ ತೆರೆಯುವ ಸೌಲಭ್ಯವಿದ್ದರೆ ನಿಲ್ಲಿಸಿ, ಹೊಸ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಆಸ್ತಿಪತ್ರಗಳ ಜೊತೆ ಇಡಿ. ಸೋಂಕಿನ ಅನುಮಾನವಿದ್ದರೆ ಕೇಂದ್ರ ಸರ್ಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳಿವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ತಯಾರಕರು ಪರಿಷ್ಕರಣೆ ನಿಲ್ಲಿಸಿದ ಹಳೆಯ ರೌಟರ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದನ್ನು ಬದಲಿಸಬೇಕು. ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಿ.